ಹದಿನಾಲ್ಕನೇ ಕುಂಡ

"ಕಳ್ಳಮುಂಡೆ, ಯಾರನ್ನ ಕೇಳಿ ಇದಕ್ಕೆ ಸಿಹಿನೀರು ಹಾಕ್ದೆ?"

ಸಾಹೇಬರು ಹದಿನಾಲ್ಕನೇ ಕುಂಡವನ್ನು ಬೂಟುಗಾಲಿನಿಂದ ತಿವಿದರು. ನೀರು ಹಾಕುವವಳು ಚೊಂಬು ಹಿಡಿದೇ ನಿಂತಳು. ಉಪ್ಪು ತಾಳುವ ಭತ್ತ ಹುಡುಕುವ ಪ್ರಯೋಗದ ಗಾಜಿನ ಮನೆಯಲ್ಲಿ ಉಳಿದ ಭತ್ತವೆಲ್ಲ ಸುಟ್ಟು ಕರಕಲಾಗಿತ್ತು. ಮೂರು ತಿಂಗಳು ಅವಳೇ ಉಪ್ಪುನೀರು ಅಳೆದು ಅಳೆದು ಹಾಕಿ ಕೊಂದಿದ್ದಳು; ಕೂಲಿ ಇದ್ದದ್ದೇ ಅದಕ್ಕೆ. ಬೆರಳ ಸಂದಿಯೆಲ್ಲ ಸೀಳಿ ಉರಿಯುತ್ತಿತ್ತು. ಹದಿನಾಲ್ಕನೆಯದು ಮಾತ್ರ ಹಸಿರಾಗಿ ನಿಂತು ತೆನೆ ಬಿಟ್ಟಿತ್ತು.

ಅವಳು ಮಾಡಿದ್ದ ತಪ್ಪೇ ಬೇರೆ. ಆ ಕುಂಡದಲ್ಲಿ ಸಾಹೇಬರ ಸಸಿ ಮೊದಲ ವಾರವೇ ಸತ್ತಾಗ ಕಿತ್ತೆಸೆದು, ಸೆರಗಿನ ಗಂಟು ಬಿಚ್ಚಿ ಅತ್ತೆಯ ಬೀಜ ಊರಿದ್ದಳು. ಅತ್ತೆ ಸಾಯುವಾಗ ಕೈಗಿಟ್ಟದ್ದು ಅದೊಂದೇ. ಅತ್ತೆಮನೆಯ ಉಪ್ಪುಮಣ್ಣಿನ ಚೌಳು ಗದ್ದೆಯಲ್ಲಿ ತಲೆತಲಾಂತರದಿಂದ ಬೆಳೆದ ಭತ್ತ ಅದು. ಆ ಗದ್ದೆಯನ್ನು ಕಿತ್ತುಕೊಂಡೇ ಈ ಗಾಜಿನ ಮನೆ ಕಟ್ಟಿದ್ದರು. ಬೀಜ ಹಳತಾದರೆ ಮೊಳೆಯುವುದಿಲ್ಲ, ಬಿತ್ತಲು ಅವಳಿಗೆ ಅಂಗೈಯಗಲ ನೆಲವಿರಲಿಲ್ಲ. ಇದ್ದಬದ್ದ ಕಾಳಲ್ಲಿ ಮೊಳೆತದ್ದು ಇದೊಂದು.

ಕಿತ್ತು ತಿಪ್ಪೆಗೆಸೆ ಎಂದರು ಸಾಹೇಬರು.

ಕುಂಡದಡಿಯ ತಟ್ಟೆಯಲ್ಲಿ ಇಳಿದಿದ್ದ ನೀರನ್ನು ಅವಳು ಚೊಂಬಿಗೆ ಬಗ್ಗಿಸಿ, ರುಚಿ ನೋಡಿ ಎಂದು ಮುಂದೆ ಹಿಡಿದಳು. ಅವಳ ಕೈಯ ಚೊಂಬನ್ನು ಅವರು ಮುಟ್ಟಲಿಲ್ಲ. ತಾನೇ ಗಟಗಟ ಕುಡಿದಳು. ತುಟಿಗಂಟಿದ ಉಪ್ಪು ಒರೆಸಿಕೊಂಡಳು.

"ನೀವ್ ಕೊಟ್ಟ ಉಪ್ಪೇ ಸಾಹೇಬ್ರೇ."

ಬೆಳಿಗ್ಗೆಯೇ ಅದರ ಎಲೆ ಒಯ್ದಿದ್ದ ಲ್ಯಾಬಿನ ಮೇಡಂ ಅಷ್ಟರಲ್ಲಿ ಚೀಟಿ ಹಿಡಿದು ಓಡಿಬಂದರು. "ಸುಳ್ಳಲ್ಲ ಸರ್. ಎಲೆ ತುಂಬ ಉಪ್ಪಿದೆ. ಉಪ್ಪಿನಿಂದ ಒಳಗೆ ಹುಟ್ಟೋ ವಿಷಾನ ಗಿಡ ತಾನೇ ಮುರೀತಿದೆ. ವಿಷ ಮುರಿಯೋ ಆಂಟಿಆಕ್ಸಿಡೆಂಟ್ ಬೇರೆಯವಕ್ಕಿಂತ ಮೂರು ಪಟ್ಟು."

ಸಾಹೇಬರ ಮುಖ ಅರಳಿತು. ಹಾಗಾದರೆ ಇವತ್ತೇ ಬುಡಕ್ಕೆ ಕೊಯ್ದು, ತೆನೆ ಸಮೇತ ಐಸಿನಲ್ಲಿಟ್ಟು ಪರೀಕ್ಷೆಗೆ ಅರೆಯಿರಿ ಎಂದರು.

ಅವಳು ಚೊಂಬು ಬಿಟ್ಟು ಬಗ್ಗಿದಳು. ಕಾಲು ಹಿಡಿದಳು. ಒಂದೇ ಒಂದು ತೆನೆ ಬಿಡಿ, ಕಾಳಿನ್ನೂ ಹಾಲು, ಬಲಿತು ಬೀಜವಾಗಲು ಇಪ್ಪತ್ತು ದಿನ ಬೇಕು ಎಂದು ಗೋಗರೆದಳು.

"ಬಿಡೇ ಕಾಲು. ನಿಮ್ಮಪ್ಪನ ಗಂಟಾ? ಕುಂಡ ನಮ್ದು, ಮಣ್ಣು ನಮ್ದು."

ಅವಳು ಕಾಲು ಬಿಟ್ಟಳು. "ಮಣ್ಣು ನಮ್ದು ಕಣೋ, ಹಾಳಾದವ್ನೇ," ಎಂದು ಕುಂಡವನ್ನು ಸೊಂಟಕ್ಕೇರಿಸಿ ನಡೆದೇಬಿಟ್ಟಳು.

ಕೂಗು ಕೇಳಿದ ಕಾವಲುಗಾರ ಗೇಟಿಗೆ ಬೀಗ ಹಾಕಿದ. ಅವಳು ಗೇಟಿಗೆ ಬೆನ್ನು ಕೊಟ್ಟು ಕೂತಳು. ಕುಂಡವನ್ನು ಮಡಿಲಿಗೆಳೆದುಕೊಂಡು ತೆನೆಗೆ ಸೆರಗು ಮುಚ್ಚಿದಳು. ಎದುರಿನಿಂದ ಮೂವರು ಕತ್ತರಿ, ಐಸ್ ಡಬ್ಬಿ ಹಿಡಿದು ಬರುತ್ತಿದ್ದರು. ಅವಳು ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿದಳು.

ಹಾಲು ಬಂತು.