ಒಂಬತ್ತನೆಯ ಪೊಟ್ಟಣ

ಶಿವಾಜಿನಗರದಲ್ಲಿ ನನ್ನದು ಗುಂಡಿ, ಲೇಸು, ಜಿಪ್ಪು ಮಾರುವ ಪುಟ್ಟ ಅಂಗಡಿ. ಮುಬೀನ್ ಭಾಯಿಯ ಎಣಿಕೆ ತಪ್ಪುವುದಿಲ್ಲ ಎಂದು ಸುತ್ತಲಿನ ದರ್ಜಿಗಳೆಲ್ಲ ಹೇಳುತ್ತಾರೆ. ಒಂದು ಹಿಡಿ ಗುಂಡಿಯನ್ನು ಗಾಜಿನ ಮೇಲೆ ಸುರಿದರೆ ಎಷ್ಟಿವೆ ಎಂದು ಮುಟ್ಟದೆ ಹೇಳಬಲ್ಲೆ. ಈ ಜಂಬ ನನಗೆ ಮೊದಲಿನಿಂದಲೂ ಇದೆ. ದಾದಿಮಾ ಅದನ್ನು ಕಂಡು ನಗುತ್ತಿದ್ದಳು. "ಗುಂಡಿ ಎಣಿಸೋ ಬುದ್ಧೀನ ಅಂಗಡೀಲೇ ಬಿಟ್ಟು ಬಾ ಬೇಟಾ, ಮನೇಲಿ ಬೇಡ" ಎನ್ನುತ್ತಿದ್ದಳು. ನಾನು ಬಿಡಲಿಲ್ಲ.

ದಾದಿಮಾ ಎಂದರೆ ನನ್ನ ತಂದೆಯ ತಾಯಿ, ಜಹನಾರಾ ಬೀ. ಅಮ್ಮಿ ತೀರಿಕೊಂಡಾಗ ನನಗೆ ಆರು ವರ್ಷ. ಅಂದಿನಿಂದ ತಲೆಗೆ ಎಣ್ಣೆ ಒತ್ತಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ಶಾಲೆ ತಪ್ಪಿಸಿದಾಗ ಚಪ್ಪಲಿ ಹಿಡಿದು ಅಟ್ಟಿಸಿಕೊಂಡು ಬಂದಿದ್ದು ಎಲ್ಲ ಅವಳೇ. ಫ್ರೇಜರ್ ಟೌನಿನ ನಮ್ಮ ಗಲ್ಲಿಯಲ್ಲಿ ಅವಳು ತರಕಾರಿಯವನನ್ನು ಕನ್ನಡದಲ್ಲಿ, ಆಟೋದವನನ್ನು ತಮಿಳಿನಲ್ಲಿ, ನನ್ನನ್ನು ದಖ್ಖನಿಯಲ್ಲಿ ಬೈಯುತ್ತಿದ್ದಳು. ಬೈದಾದ ಮೇಲೆ ಚಹಾವನ್ನು ಸಾಸರಿಗೆ ಸುರಿದು ಆರಿಸಿ ಮೊದಲ ಗುಟುಕು ನನಗೆ ಕೊಡುತ್ತಿದ್ದಳು. ನನಗೆ ಮೂವತ್ತೆಂಟು ತುಂಬಿದ ಮೇಲೂ ಕೊಡುತ್ತಿದ್ದಳು. ನಾನೂ ನಾಚಿಕೆಯಿಲ್ಲದೆ ಕುಡಿಯುತ್ತಿದ್ದೆ.

ನಮ್ಮಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ. ರಮ್ಜಾನ್ ಹಬ್ಬದ ಬೆಳಿಗ್ಗೆ ಈದ್ಗಾದಲ್ಲಿ ನಮಾಜ್ ಮುಗಿಸಿ ಗಂಡಸರು ಹೋಗುತ್ತೇವೆ, ನಮ್ಮವರ ಗೋರಿಗಳಿಗೆ ಹೂ ಹಾಕಿ ಫಾತಿಹಾ ಓದಿ ಬರುತ್ತೇವೆ. ಹೂ ಸಿದ್ಧ ಮಾಡುವುದು ಮಾತ್ರ ಹೆಂಗಸರ ಕೆಲಸ. ದಾದಿಮಾ ಹಿಂದಿನ ಸಂಜೆಯೇ ರಸೆಲ್ ಮಾರ್ಕೆಟ್ಟಿನಿಂದ ಗುಲಾಬಿ ತರಿಸಿ ದಳ ಬಿಡಿಸುತ್ತಿದ್ದಳು. ಕಾಮಕಸ್ತೂರಿ ಎಲೆಯನ್ನು ಬೆರೆಸಿ, ಬಾಳೆಎಲೆಯ ತುಂಡಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಕಟ್ಟುತ್ತಿದ್ದಳು. ಅವಳ ಗಂಡ ದಾದಾಗೆ ಒಂದು, ಅವಳ ಇಬ್ಬರು ತಂಗಿಯರಿಗೆ ಎರಡು, ಅಮ್ಮಿಗೆ ಒಂದು. ಕೊರೊನಾ ವರ್ಷ ಹತ್ತೇ ದಿನಗಳಲ್ಲಿ ಅಬ್ಬಾ, ಅಬ್ಬಾನ ತಮ್ಮ ಅಕ್ತರ್ ಚಾಚಾ, ಚಾಚಿ ಮೂವರೂ ಹೋದರು. ಒಟ್ಟು ಏಳು. ಕಟ್ಟುವಾಗ ಅವಳ ತುಟಿ ಆಡುತ್ತಿರುತ್ತಿತ್ತು, ಹೆಸರು ಹೇಳಿಕೊಂಡು ಗಂಟು ಹಾಕುತ್ತಿದ್ದಳು. ಮನೆಗೆ ಮರಳಿದಾಗ ಬಾಗಿಲಲ್ಲೇ ನಿಂತು ಕೇಳುತ್ತಿದ್ದುದು ಒಂದೇ ಮಾತು: "ಎಲ್ಲರಿಗೂ ತಲುಪಿತಾ?"

ಮರುವರ್ಷದ ಹಬ್ಬಕ್ಕೆ ಚೀಲದಲ್ಲಿ ಎಂಟು ಪೊಟ್ಟಣಗಳಿದ್ದವು.

"ದಾದಿಮಾ, ಲೆಕ್ಕ ತಪ್ಪಿದ್ಯಲ್ಲ. ಏಳು ಸಾಕು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ನನ್ನ ಹೆಂಡತಿ ಸುರಯ್ಯಾ ಶೀರ್‌ಖುರ್ಮಾಕ್ಕೆ ಹಾಲು ಕಾಯಿಸುತ್ತಿದ್ದಳು. "ಇರ್ಲಿ, ತಗೊಂಡ್ಹೋಗು. ನಿಂಗೊತ್ತಲ್ಲ" ಎಂದು ದಾದಿಮಾ ಮೆಲ್ಲನೆ ಹೇಳಿದಳು.

ಎಂಬತ್ತು ದಾಟಿದವಳು, ಮರೆವು ಶುರುವಾಗಿದೆ ಎಂದುಕೊಂಡೆ. ಆ ವರ್ಷ ಹೆಚ್ಚಾದ ಪೊಟ್ಟಣವನ್ನು ಅಬ್ಬಾನ ಗೋರಿಗೇ ಹಾಕಿದೆ. ಮುಂದಿನ ವರ್ಷವೂ ಎಂಟಿದ್ದವು. ಪಕ್ಕದಲ್ಲಿ ಯಾರೂ ಬಾರದ ಒಂದು ಗೋರಿಯಿತ್ತು, ಅದಕ್ಕೆ ಸುರಿದೆ. ಮೂರನೆಯ ವರ್ಷ ಗೇಟಿನ ಬಳಿ ನಿಂತಿದ್ದ ಮೇಕೆಯ ಮುಂದೆ ಬಿಚ್ಚಿಟ್ಟೆ. ನಾಲ್ಕನೆಯ ವರ್ಷ ಏನು ಮಾಡಿದೆನೋ ನೆನಪಿಲ್ಲ. ನಾಲ್ಕು ವರ್ಷವೂ ಬಾಗಿಲಲ್ಲಿ ಅವಳು ಕೇಳಿದಳು, ನಾನು "ಎಲ್ಲರಿಗೂ ತಲುಪಿತು" ಎಂದೆ. ಅವಳು ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

ಈ ಜನವರಿಯಲ್ಲಿ ದಾದಿಮಾ ಹಾಸಿಗೆ ಹಿಡಿದಳು. ಹೋಗುವ ಮೂರು ದಿನ ಮೊದಲು ನನ್ನ ಮಣಿಕಟ್ಟು ಹಿಡಿದುಕೊಂಡು, "ನನ್ನನ್ನ ನಿಮ್ಮ ದಾದಾ ಪಕ್ಕ ಇಡ್ಬೇಡ. ಗೋಡೆ ಪಕ್ಕ ಇಡು, ನುಗ್ಗೆಮರದ ಹತ್ರ" ಎಂದಳು. ಐವತ್ತು ವರ್ಷ ದಾದಾನ ಪಕ್ಕದ ಜಾಗ ನನ್ನದು ಎಂದು ಎಲ್ಲರಿಗೂ ಹೇಳಿಕೊಂಡು ಬಂದ ಹೆಂಗಸು ಅವಳು. ಆ ಜಾಗವನ್ನು ಹಾಗೇ ಕಾದಿಟ್ಟಿದ್ದೆವು. ಜ್ವರದ ಬಡಬಡಿಕೆ ಎಂದು ತಲೆಯಾಡಿಸಿದೆ. ಅವಳನ್ನು ಒಯ್ಯುವ ದಿನ ಸುರಯ್ಯಾ ಬಾಗಿಲವರೆಗೆ ಬಂದು, "ರೀ, ದಾದಿಮಾ ಏನ್ ಹೇಳಿದ್ರು ಅಂದ್ರೆ..." ಎಂದು ಶುರುಮಾಡಿದಳು. "ನೀನು ಸುಮ್ನಿರು. ಇದು ಗಂಡಸರ ಕೆಲಸ" ಎಂದು ಎಲ್ಲರೆದುರು ಬಾಯಿ ಮುಚ್ಚಿಸಿದೆ. ದಾದಾನ ಪಕ್ಕದಲ್ಲೇ ಮಣ್ಣು ಮಾಡಿದೆ. ನನ್ನಿಂದ ಒಂದು ಒಳ್ಳೆಯ ಕೆಲಸವಾಯಿತು ಎಂದುಕೊಂಡು ಮನೆಗೆ ಬಂದೆ.

ಅವಳಿಲ್ಲದ ಮೊದಲ ಹಬ್ಬ ಬಂತು. ಹೊಸ ಬಟ್ಟೆ ಹೊಲಿಸಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ದಾದಿಮಾ ಕೂರುತ್ತಿದ್ದ ಜಾಗದಲ್ಲೇ ಕೂತು ಸುರಯ್ಯಾ ಪೊಟ್ಟಣಗಳನ್ನು ಚೀಲಕ್ಕೆ ಹಾಕುತ್ತಿದ್ದಳು. ಕಣ್ಣಲ್ಲೇ ಎಣಿಸಿದೆ. ಒಂಬತ್ತು.

"ಏಳು, ದಾದಿಮಾದೊಂದು. ಎಂಟು ಸಾಕಲ್ಲ?" ಎಂದೆ. ನಗು ಬರಿಸೋಣವೆಂದು, "ದಾದಿಮಾ ಮರೆವು ನಿಂಗೂ ಬಂತಾ?" ಎಂದೂ ಸೇರಿಸಿದೆ.

ಸುರಯ್ಯಾ ನಗಲಿಲ್ಲ. ಅವಳ ಕೈ ಚೀಲದೊಳಗೇ ನಿಂತಿತು.

"ಮರೆವಾ? ಇಷ್ಟು ವರ್ಷ ಎಂಟನೇದು ಯಾರಿಗೆ ಹಾಕ್ತಿದ್ರಿ ನೀವು?"

ನಾನು ಚೀಲದ ಪೊಟ್ಟಣಗಳನ್ನು ಮತ್ತೊಮ್ಮೆ ಎಣಿಸಿದೆ.

"ರೀ, ಯಾರಿಗೆ ಹಾಕ್ತಿದ್ರಿ? ಅದು ಅಲಿಯಾಗೆ. ನಮ್ ಮಗುಗೆ."

ಅಲಿಯಾ ಎಂಬ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಏಳರ ಬದಲು ಎಂಟು ಪೊಟ್ಟಣ ಬಂದ ಆ ಮೊದಲ ಹಬ್ಬಕ್ಕೆ ಮುಂಚಿನ ಚಳಿಗಾಲದಲ್ಲಿ ಸುರಯ್ಯಾಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣು ಮಗು. ಅಳಲಿಲ್ಲ, ಉಸಿರಾಡಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಯವರು ನನ್ನ ಕೈಗಿಟ್ಟರು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಖಬರಸ್ತಾನಕ್ಕೆ ಒಬ್ಬನೇ ಹೋದೆ. ಗೋರಿ ತೋಡುವ ಲತೀಫ್ ಚಾಚಾ ಒಂದು ಸಣ್ಣ ಗುಂಡಿ ತೋಡಿಕೊಟ್ಟರು. ಮುಖದ ಮೇಲಿನ ಬಟ್ಟೆ ಸರಿಸಿ ನೋಡುವ ಧೈರ್ಯವಾಗಲಿಲ್ಲ. ಮನೆಗೆ ಬಂದಾಗ ದಾದಿಮಾ ಎಲ್ಲಿ ಇಟ್ಟೆ ಎಂದು ಕೇಳಿದಳು. "ಗೋಡೆ ಪಕ್ಕ, ನುಗ್ಗೆಮರದ ಕೆಳಗೆ" ಎಂದೆ. ಆಮೇಲೆ, "ಇನ್ಮೇಲೆ ಈ ಮನೇಲಿ ಯಾರೂ ಈ ಮಾತು ಎತ್ತಕೂಡದು" ಎಂದು ಕೂಗಾಡಿದೆ. ಸುರಯ್ಯಾಗೆ ನೋವಾಗದಿರಲಿ ಎಂದು ಹಾಗೆ ಹೇಳಿದೆ ಎಂದೇ ಇಷ್ಟು ದಿನ ನಂಬಿದ್ದೆ. ಅದು ಸುಳ್ಳು. ಆ ಮಾತನ್ನು ಕೇಳುವ ಶಕ್ತಿ ನನಗಿರಲಿಲ್ಲ.

ನನ್ನ ಮಾತನ್ನು ಮನೆಯವರಿಬ್ಬರೂ ಪಾಲಿಸಿದರು. ನನ್ನೆದುರು ಒಂದು ದಿನವೂ ಬಾಯಿಬಿಡಲಿಲ್ಲ. ಹೆಸರಿಟ್ಟರು, ಹೂ ಕಟ್ಟಿದರು, ತಂದೆಯಾದವನಿಗೆ ಗೊತ್ತಿರುತ್ತದೆ ಎಂದು ನನ್ನ ಕೈಗೆ ಕೊಟ್ಟರು.

"ಒಂಟಿಯಾಗಿದೆ ಅಂತ ದಾದಿಮಾಗೆ ಸಂಕಟ" ಎಂದಳು ಸುರಯ್ಯಾ. "ನಮ್ಮೋರೆಲ್ಲ ಒಂದ್ಕಡೆ, ಅದೊಂದೇ ಗೋಡೆ ಹತ್ರ. ಅದಕ್ಕೇ ನಾನ್ ಹೋಗಿ ಪಕ್ಕದಲ್ಲಿ ಮಲಗ್ತೀನಿ ಅಂದ್ರು. ನಿಮಗೆ ಅಷ್ಟೂ ಅರ್ಥ ಆಗ್ಲಿಲ್ವಾ?"

ಅಲ್ಲೇ ನೆಲದ ಮೇಲೆ ಕೂತೆ. ಅಬ್ಬಾನ ಗೋರಿ, ಯಾರದೋ ಗೋರಿ, ಮೇಕೆ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವಳು ಕೇಳಿಸಿಕೊಂಡಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಒಂಬತ್ತನೆಯ ಪೊಟ್ಟಣವನ್ನು ಚೀಲದಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಇವತ್ತಾದ್ರೂ ಅವಳಿಗೆ ತಲುಪಿಸಿ."

ನಮಾಜ್ ಮುಗಿಸಿ ಖಬರಸ್ತಾನಕ್ಕೆ ಹೋದೆ. ಏಳು ಗೋರಿಗಳಿಗೆ ಹೂ ಹಾಕಿ ಫಾತಿಹಾ ಓದಿದೆ. ದಾದಿಮಾಳ ಗೋರಿಯ ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಅಲ್ಲಿ ಹೂವನ್ನಷ್ಟೇ ಹಾಕಿದೆ, ಓದುವುದೂ ಆಗಲಿಲ್ಲ, ತಪ್ಪಾಯ್ತು ಎನ್ನುವುದೂ ಆಗಲಿಲ್ಲ. ಅಲ್ಲಿಂದ ಗೋಡೆಗೆ ನಡೆದೆ. ಅರವತ್ತೆರಡು ಹೆಜ್ಜೆ.

ನುಗ್ಗೆಮರವಿರಲಿಲ್ಲ. ಗೋಡೆಯುದ್ದಕ್ಕೂ ಗೇಣೆತ್ತರದ ದಿಬ್ಬಗಳು, ಒಂದಕ್ಕೂ ಕಲ್ಲಿಲ್ಲ. ಯಾವುದು ನನ್ನದು? ಹೋಗಿ ಲತೀಫ್ ಚಾಚಾನನ್ನು ಹುಡುಕಿ ಕರೆತಂದೆ. ವಯಸ್ಸಾದ ಚಾಚಾ ಹಾರೆಯನ್ನು ಊರಿಕೊಂಡು ಬಂದು ದಿಬ್ಬಗಳ ನಡುವೆ ಜಾಗ್ರತೆಯಾಗಿ ಹೆಜ್ಜೆಯಿಟ್ಟು ಒಂದರ ಬಳಿ ನಿಂತರು.

"ಇದೇ. ಮರ ಬಿದ್ದು ವರ್ಷ ಆಯ್ತು. ದೊಡ್ಡೋರಿಗೆ ಕಲ್ಲಿದೆ, ಹುಡುಕ್ಕೊಂಡು ಬರ್ತಾರೆ. ಈ ಸಣ್ಣೋರಿಗೆ ನಾನೇ ಗುರುತು."

ಪಕ್ಕದಲ್ಲಿ ದೊಡ್ಡವರೊಬ್ಬರು ಮಲಗುವಷ್ಟು ಜಾಗ ಖಾಲಿ ಬಿದ್ದಿತ್ತು.

ಪೊಟ್ಟಣ ಬಿಚ್ಚಿದೆ. ಅರ್ಧ ಹೂ ಹೊರಗೆ ಚೆಲ್ಲಿತು. ಒಂದೊಂದೇ ದಳ ಹೆಕ್ಕಿ ದಿಬ್ಬದ ಮೇಲಿಟ್ಟೆ. ಎಣಿಸಲಿಲ್ಲ. ಆಮೇಲೆ ಸುರಯ್ಯಾಗೆ ಫೋನ್ ಮಾಡಿ, "ಆಟೋ ಹಿಡಿದು ಹಿಂದಿನ ರಸ್ತೆಗೆ ಬಾ. ಒಳಗೆ ಬರೋದು ಬೇಡ, ಗೋಡೆ ಆಚೆ ನಿಂತ್ಕೋ" ಎಂದೆ. ಚಾಚಾಗೆ ಮಾಡಬೇಕಾದ್ದನ್ನು ಹೇಳಿ, ಗೇಟಿನಿಂದ ಸುತ್ತು ಹಾಕಿ ಹೊರಗೆ ಹೋದೆ.

ಅವಳು ಆಟೋ ಇಳಿದಳು. ಹಿಂದಿನ ರಸ್ತೆಯ ಗೋಡೆ ಉದ್ದಕ್ಕೂ ಒಂದೇ ಥರ ಇತ್ತು, ಪೋಸ್ಟರು, ಪಾಚಿ, ನಿಲ್ಲಿಸಿದ ಬೈಕುಗಳು. ಎಲ್ಲಿ ಎಂದು ಕಣ್ಣಲ್ಲೇ ಕೇಳಿದಳು.

"ಚಾಚಾ!" ಎಂದು ಕೂಗಿದೆ.

ಒಳಗಿನಿಂದ ಹಾರೆಯ ಹಿಂಬದಿಯಲ್ಲಿ ಗೋಡೆಗೆ ತಟ್ಟಿದ ಸದ್ದು ಬಂತು. ಠಕ್, ಠಕ್. ಸುರಯ್ಯಾ ಸದ್ದಿನ ಕಡೆ ನಡೆದಳು. ಮುಂದೆ ಹೋದಳು, ಹಿಂದೆ ಬಂದಳು, ಎರಡು ಬೈಕುಗಳ ನಡುವೆ ನುಸುಳಿ ಗೋಡೆಗೆ ಅಂಗೈ ಇಟ್ಟಳು. ಸದ್ದು ಸರಿಯಾಗಿ ಅವಳ ಕೈಯ ಕೆಳಗೆ ಬರುತ್ತಿತ್ತು. ಅವಳು ಹಣೆಯನ್ನೂ ಗೋಡೆಗೆ ಆನಿಸಿ ನಿಂತಳು. ನಾಲ್ಕು ವರ್ಷದಲ್ಲಿ ಅವಳು ನನ್ನೆದುರು ಅತ್ತಿರಲಿಲ್ಲ, ಅಳಲು ನಾನು ಬಿಟ್ಟಿರಲಿಲ್ಲ. ಈಗ ಅತ್ತಳು. ರಸ್ತೆಯಲ್ಲಿ ಹೊಸ ಬಟ್ಟೆ ತೊಟ್ಟ ಜನ ಓಡಾಡುತ್ತಿದ್ದರು. ನಾನೂ ಅವಳ ಕೈಯ ಪಕ್ಕದಲ್ಲಿ ಕೈಯಿಟ್ಟು, ಮೊದಲ ಸಲ ಮಗಳನ್ನು ಹೆಸರು ಹಿಡಿದು ಕರೆದೆ.

ಒಳಗಿನಿಂದ ಚಾಚಾ ಕೇಳಿದರು, "ಮುಬೀನ್, ಇನ್ನೂ ತಟ್ಲಾ?"

ಸುರಯ್ಯಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಾಕು ಅನ್ನಿ. ಮಗು ಮಲಗಿದೆ."