ಬಿಸಿಲಿಗೆ ಕೈಕೊಟ್ಟ ಆಂಟೆನಾ

೧೯೭೮ರ ಮಾರ್ಚ್ ತಿಂಗಳಲ್ಲಿ ಮುರುಗೇಶಪ್ಪ ಬೆಂಗಳೂರಿನಿಂದ ಲಾರಿಯಲ್ಲಿ ಒಂದು ಆಂಟೆನಾ ಹಾಕಿಕೊಂಡು ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟಕ್ಕೆ ಬಂದ. ಸೈನ್ಯಕ್ಕೆ ರೇಡಾರ್ ರೂಪಿಸುವ ಪ್ರಯೋಗಾಲಯದಲ್ಲಿ ಅವನು ಎಂಜಿನಿಯರ್. ಹುಟ್ಟಿದ್ದು ಹೊಸದುರ್ಗದಲ್ಲಿ. ಪರೀಕ್ಷೆಗೆ ಎತ್ತರದ ಜಾಗ ಬೇಕು ಎಂದಾಗ ಈ ಬೆಟ್ಟದ ಹೆಸರು ಹೇಳಿದವನೂ ಅವನೇ.

ಆಗಿನ ರೇಡಾರುಗಳ ಆಂಟೆನಾ ಗಾಣದಂತೆ ಸುತ್ತುತ್ತಿತ್ತು. ಇದು ಸುತ್ತುವಂಥದ್ದಲ್ಲ. ಬಾಗಿಲಿನಷ್ಟು ಅಗಲದ ಚೌಕಟ್ಟಿನಲ್ಲಿ ನೂರಿಪ್ಪತ್ತು ಅಲ್ಯೂಮಿನಿಯಂ ಕೊಳವೆಗಳು, ಪ್ರತಿ ಕೊಳವೆಯೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಬೆರಳುದ್ದದ ತುಂಡು, ಅದಕ್ಕೆ ಸುತ್ತಿದ ತಾಮ್ರದ ತಂತಿ. ತಂತಿಗೆ ಕೊಡುವ ಕರೆಂಟನ್ನು ಬದಲಿಸಿದರೆ ಸಾಕು, ಆಂಟೆನಾ ಕೂತಲ್ಲೇ ಕೂತು ತನ್ನ ಕಿರಣವನ್ನು ಎಡಕ್ಕೋ ಬಲಕ್ಕೋ ರೆಪ್ಪೆ ಬಡಿಯುವುದರೊಳಗೆ ಹೊರಳಿಸುತ್ತಿತ್ತು. ಇಂಥ ಕೊಳವೆಯನ್ನು ಪರದೇಶದಿಂದ ತರಿಸಿದರೆ ಒಂದೊಂದಕ್ಕೂ ಒಂದೆಕರೆ ತೋಟದ ಬೆಲೆ. ಮುರುಗೇಶಪ್ಪ ನಾಲ್ಕು ವರ್ಷ ಹೆಣಗಿ, ಇಲ್ಲೇ ಸಿಗುವ ಸಾಮಾನಿನಲ್ಲಿ ತೀರಾ ಅಗ್ಗವಾಗಿ ಅದನ್ನು ಮಾಡಿದ್ದ. ಹೊರಡುವಾಗ ಮೇಲಧಿಕಾರಿಗಳು, "ಬರೋ ಸೋಮವಾರ ಸೈನ್ಯದವರು ಬೆಟ್ಟಕ್ಕೇ ಬಂದು ನೋಡ್ತಾರೆ. ಕೆಲಸ ಮಾಡಿದರೆ ನಿನ್ನದು, ಇಲ್ಲದಿದ್ದರೆ ಹೊರಗಿನದನ್ನೇ ತರಿಸ್ತೀವಿ" ಎಂದಿದ್ದರು.

ಬುಧವಾರ ಬೆಳಿಗ್ಗೆ ಮೊದಲ ಪರೀಕ್ಷೆ. ತಂತ್ರಜ್ಞ ಹಾಲಸ್ವಾಮಿ ಹೊಳಲ್ಕೆರೆ ದಿಕ್ಕಿನ ಒಂದು ಗುಡ್ಡದ ಮೇಲೆ ಮೀಟರು ಹಿಡಿದು ಕೂತಿದ್ದ. ಹೊಸದುರ್ಗದ ದಿಕ್ಕಿನಲ್ಲಿ ಇನ್ನೊಬ್ಬನಿದ್ದ. ಏಳು ಗಂಟೆಗೆ ಕಿರಣವನ್ನು ಹಾಲಸ್ವಾಮಿಯತ್ತ ಬಿಟ್ಟಾಗ, "ಮುಳ್ಳು ಪೂರ್ತಿ ಎದ್ದೈತೆ ಸಾರ್!" ಎಂದು ಅವನು ವೈರ್‌ಲೆಸ್ಸಿನಲ್ಲಿ ಕೂಗಿದ. ಆದರೆ ಹನ್ನೊಂದರ ಹೊತ್ತಿಗೆ ಬಿಸಿಲೇರಿತು. ಕಿರಣ ಒಡೆದು ಚೆಲ್ಲಾಪಿಲ್ಲಿಯಾಯಿತು. ಎರಡೂ ಕಡೆ ಮುಳ್ಳು ಮಲಗಿತು. ಸಂಜೆ ಒಂದೊಂದೇ ಕೊಳವೆ ಬಿಚ್ಚಿ ನೋಡಿದರೆ ಎಲ್ಲವೂ ಸರಿಯಾಗಿದ್ದವು. ಮರುದಿನವೂ ಅದೇ ಕಥೆ. ಸಾಲದ್ದಕ್ಕೆ, ಮಧ್ಯಾಹ್ನದ ಹೊತ್ತಿಗೆ ಜನರೇಟರಿನ ಕಾಯಿಲ್ ಸುಟ್ಟು ಹೊಗೆ ಬಂತು.

ಚಿತ್ರದುರ್ಗದ ಅಂಗಡಿಯವನು ಜನರೇಟರನ್ನು ನೋಡಿ ತಲೆಯಾಡಿಸಿದ. "ನಾಳೆಗೇ ಬೇಕು ಅಂದ್ರೆ ಹಿರಿಯೂರಿಗೆ ಹೋಗ್ರಿ. ಬಸ್ ಸ್ಟ್ಯಾಂಡ್ ಹಿಂದೆ ಏಕನಾಥಮ್ಮನ ಅಂಗಡಿ ಅಂತ ಕೇಳ್ರಿ."

ಏಕನಾಥಮ್ಮನಿಗೆ ನಲವತ್ತರ ಮೇಲಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಪೆಯ ಮೇಲೆ ಕೂತು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ತುಂಬುತ್ತಿದ್ದಳು. ಪಕ್ಕದಲ್ಲಿ ಸಹಾಯಕಿ ತಿಪ್ಪಮ್ಮ ತಂತಿಯ ಸುತ್ತು ಎಣಿಸುತ್ತಿದ್ದಳು.

"ಬರ್ರಿ ಸಾರ್, ಕುಂತ್ಕಳ್ರಿ. ನಾಳೆ ಹೊತ್ತು ಏರೋದ್ರೊಳಗೆ ಕೊಡ್ತೀನಿ," ಎಂದು ಆಕೆ ಜನರೇಟರು ಬಿಚ್ಚಲು ಶುರುಮಾಡಿದಳು.

ಮುರುಗೇಶಪ್ಪ ಸ್ಟೂಲಿನ ಮೇಲೆ ಕೂತು, ಜೇಬಿನಲ್ಲಿದ್ದ ಒಂದು ಕೊಳವೆ ತೆಗೆದು ನೂರನೇ ಸಲ ತಿರುಗಿಸಿ ನೋಡತೊಡಗಿದ. ಏಕನಾಥಮ್ಮ ಓರೆಗಣ್ಣಲ್ಲಿ ಅದನ್ನು ಗಮನಿಸಿದಳು.

"ಅದೂ ಸುಟ್ಟೈತಾ?"

"ಇಲ್ಲಕ್ಕ, ಸುಟ್ಟಿಲ್ಲ. ಅದೇ ನನ್ ಗೋಳು. ತಂಪೊತ್ತಲ್ಲಿ ಸರಿಯಾಗೈತೆ. ಬಿಸ್ಲು ಬಂದ್ರೆ ಕೈಕೊಡ್ತೈತೆ." ತನ್ನ ಊರ ಕಡೆಯ ಮಾತು ತಾನಾಗಿಯೇ ಬಾಯಿಗೆ ಬಂದದ್ದು ಅವನಿಗೇ ಆಶ್ಚರ್ಯ.

"ಕೊಡ್ರಿ ಇಲ್ಲಿ."

ಆಕೆ ಅದನ್ನು ಬೆಳಕಿಗೆ ಹಿಡಿಯಲಿಲ್ಲ. ತಂತಿ ಹೊರಗೆ ಬರುವ ತೂತಿನ ಅಂಚಿನ ಮೇಲೆ ಕಿರುಬೆರಳಿನ ಉಗುರು ಆಡಿಸಿದಳು. ಆಮೇಲೆ ವಾರ್ನಿಷ್ ಒಣಗಿಸಲೆಂದು ದೊಡ್ಡ ಬಲ್ಬು ಉರಿಸಿಟ್ಟಿದ್ದ ತಗಡಿನ ಡಬ್ಬಿಯೊಳಗೆ ಇಟ್ಟು, ಟೀ ತರಿಸಿದಳು. ಕುಡಿದಾದ ಮೇಲೆ ಕೊಳವೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ತೆಗೆದು, ಮೀಟರಿನ ಒಂದು ಕಡ್ಡಿಯನ್ನು ತಂತಿಗೆ, ಇನ್ನೊಂದನ್ನು ಕೊಳವೆಯ ಮೈಗೆ ತಾಗಿಸಿದಳು. ಮುಳ್ಳು ಚಂಗನೆ ಜಿಗಿಯಿತು.

ಮುರುಗೇಶಪ್ಪ ಎದ್ದು ನಿಂತ.

"ತೂತಿನ ಬಾಯಿ ಕತ್ತಿ ಆಗೈತೆ ಸಾರ್," ಎಂದಳು ಏಕನಾಥಮ್ಮ. "ತಂತಿನ ವೀಣೆ ತಂತಿ ಬಿಗ್ದಂಗೆ ಬಿಗ್ದೀರಿ. ಬಿಸ್ಲಿಗೆ ಕೊಳವೆ ಹಿಗ್ತೈತೆ, ತಂತಿ ಹೋಗಿ ಅಂಚಿಗೆ ಒರಗ್ತೈತೆ. ಅಲ್ಲಿ ತಂತಿ ಮೇಲಿನ ಬಣ್ಣ ಕೆರೆದೈತೆ ನೋಡ್ರಿ, ಕರೆಂಟು ಕೊಳವೆಗೆ ಹರ್ದೋಗ್ತೈತೆ. ತಂಪಾದ್ರೆ ಮತ್ತೆ ಬಿಟ್ಕಂತೈತೆ. ನೀವು ಸಂಜಿ ಮುಂದ ನೋಡಿದ್ರೆ ಏನ್ ಸಿಕ್ತೈತೆ?"

ಪ್ರಯೋಗಾಲಯದಲ್ಲಿ ಫ್ಯಾನಿನ ಕೆಳಗೆ ನಾಲ್ಕು ವರ್ಷ ನಡೆದ ಪರೀಕ್ಷೆಗಳೆಲ್ಲ ಮುರುಗೇಶಪ್ಪನ ಕಣ್ಣ ಮುಂದೆ ಹಾದುಹೋದವು. ಅವಮಾನವಾಗಬೇಕಿತ್ತು. ಆಗಲಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು.

"ಇಂಥವು ನೂರಿಪ್ಪತ್ತು ಅವೆ ಅಕ್ಕ. ಸೋಮವಾರಕ್ಕೆ ಬೇಕು."

ಏಕನಾಥಮ್ಮ ತಿಪ್ಪಮ್ಮನ ಮುಖ ನೋಡಿದಳು. "ಯಾವ್ ಮೋಟಾರಿಂದು ಸಾರ್ ಇದು?"

"ಮೋಟಾರಲ್ಲ. ವಿಮಾನ ಬರೋದನ್ನ ದೂರದಿಂದ್ಲೇ ನೋಡೋ ಯಂತ್ರ. ಇದಕ್ಕಿಂತ ಹೆಚ್ಚು ಹೇಳಂಗಿಲ್ಲ."

"ಹೇಳ್ಬ್ಯಾಡ್ರಿ ಬಿಡ್ರಿ. ತಂದ್ ಹಾಕ್ರಿ."

ಮುರುಗೇಶಪ್ಪ ಆ ಸಂಜೆಯೇ ಚಿತ್ರದುರ್ಗದಿಂದ ಮೇಲಧಿಕಾರಿಗಳಿಗೆ ಫೋನು ಮಾಡಿ ಅನುಮತಿ ಪಡೆದ. ಶುಕ್ರವಾರ ಬೆಳಿಗ್ಗೆ ಹಾಲಸ್ವಾಮಿ ಕೊಳವೆಗಳನ್ನು ಜೀಪಿನಲ್ಲಿ ತಂದ. ಏಕನಾಥಮ್ಮ ಸಣ್ಣ ಅರದಿಂದ ಒಂದೊಂದು ತೂತಿನ ಬಾಯನ್ನೂ ದುಂಡಗೆ ಉಜ್ಜಿದಳು. ತಿಪ್ಪಮ್ಮ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿದಳು. ತೂತಿನಲ್ಲಿ ವಾರ್ನಿಷ್ ಹಚ್ಚಿದ ಬಟ್ಟೆಯ ಪುಟ್ಟ ಸುರುಳಿ ಕೂರಿಸಿ, ತಂತಿಗೆ ಕೂದಲೆಳೆಯಷ್ಟು ಸಡಿಲ ಬಿಟ್ಟು ಕಟ್ಟುವುದನ್ನು ಮುರುಗೇಶಪ್ಪನೂ ಕಲಿತ. ಅವನ ಮೊದಲ ಎಂಟನ್ನು ಆಕೆ ಬಿಚ್ಚಿ ಪಕ್ಕಕ್ಕಿಟ್ಟಳು. ಒಂಬತ್ತನೆಯದನ್ನು ಇಟ್ಟುಕೊಂಡಳು. ಒಂದೊಂದನ್ನೂ ಬಿಸಿ ಮಾಡಿ, ಮೀಟರು ಹಿಡಿದು, ಆಮೇಲೇ ಪೆಟ್ಟಿಗೆಗೆ ಹಾಕಿದರು. ಭಾನುವಾರ ಊಟದ ಹೊತ್ತಿಗೆ ನೂರಿಪ್ಪತ್ತೂ ಮುಗಿದವು. ಜನರೇಟರು ಆಗಲೇ ಬೆಟ್ಟ ಸೇರಿತ್ತು.

ಸೋಮವಾರ ಸೈನ್ಯದ ಮೂವರು ಅಧಿಕಾರಿಗಳು ಬಂದರು. ಮುರುಗೇಶಪ್ಪ ಬೇಕೆಂದೇ ಮಧ್ಯಾಹ್ನ ಒಂದು ಗಂಟೆಯವರೆಗೆ ಅವರನ್ನು ಕಾಯಿಸಿದ. ಮುಟ್ಟಿದರೆ ಕೈ ಸುಡುವಷ್ಟು ಚೌಕಟ್ಟು ಕಾದಿತ್ತು. ಕಿರಣ ಹೊಳಲ್ಕೆರೆಯ ದಿಕ್ಕಿನಿಂದ ಹೊಸದುರ್ಗದ ದಿಕ್ಕಿಗೆ, ಅಲ್ಲಿಂದ ಮತ್ತೆ ಈಚೆಗೆ ನೂರಾರು ಸಲ ಹಾರಿತು. ಒಮ್ಮೆಯೂ ತಪ್ಪಲಿಲ್ಲ. ಹಿರಿಯ ಅಧಿಕಾರಿ ಆಂಟೆನಾದ ಸುತ್ತ ಒಂದು ಸುತ್ತು ಬಂದು, "ಹೊರಗಿನಿಂದ ತರಿಸೋ ಮಾತು ಇನ್ನು ಬೇಡ" ಎಂದರು.

ಆ ವಾರವೇ ಮುರುಗೇಶಪ್ಪ ಹಿರಿಯೂರಿಗೆ ಹೋದ. ಮಂಜೂರಾದ ಕೂಲಿ ಕೊಟ್ಟ. ತನ್ನ ವರದಿಯ ಮೂರನೇ ಪುಟದಲ್ಲಿ, ಕೊಳವೆಯ ದೋಷ ಕಂಡುಹಿಡಿದವರು ಹಿರಿಯೂರಿನ ಏಕನಾಥಮ್ಮ ಎಂದು ಬರೆದಿರುವುದಾಗಿ ಹೇಳಿದ. ಆಮೇಲೆ ಎರಡೂ ಕೈ ಜೋಡಿಸಿದ.

ಏಕನಾಥಮ್ಮ ಗಾಬರಿಯಾದಳು. "ಅಯ್ಯೋ ಬಿಡ್ತು ಅನ್ರಿ ಸಾರ್! ಕೈ ಮುಗಿಯೋದಿದ್ರೆ ಮುದ್ದಣ್ಣಪ್ಪಂಗೆ ಮುಗೀರಿ. ನಂಗೇನ್ ಹುಟ್ತಾನೇ ಬಂದಿತ್ತಾ ಇದು?"

ಅಂಗಡಿ ಮೊದಲು ಮುದ್ದಣ್ಣನದಾಗಿತ್ತು. ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಬಂದ ಏಕನಾಥಮ್ಮನಿಗೆ ಅವನು ಕೆಲಸ ಕಲಿಸಿದ. ಹೆಂಗಸು ಸುತ್ತಿದ ಮೋಟಾರು ಯಾರಿಗೂ ಬೇಡವಾಗಿತ್ತು. ಎರಡು ವರ್ಷ ಅವನು ಯಾರಿಗೂ ಗುಟ್ಟು ಬಿಡಲಿಲ್ಲ. ಒಂದು ದಿನ ಅಂಗಡಿ ತುಂಬ ರೈತರಿದ್ದಾಗ, "ಲೇ, ಎರಡು ವರ್ಷದಿಂದ ನಿಮ್ ತೋಟಕ್ಕೆ ನೀರು ಎತ್ತಿರೋದು ಈ ಯಮ್ಮ ಸುತ್ತಿದ ತಂತಿ. ಬ್ಯಾಡಾ ಅಂದ್ರೆ ಎಲ್ಲಾ ವಾಪಸ್ ತಂದ್ ಕೊಡ್ರಿ" ಎಂದ. ಯಾರೂ ತರಲಿಲ್ಲ. ಕೈ ನಡುಗಲು ಶುರುವಾದಾಗ ಅಂಗಡಿಯನ್ನು ಆಕೆಗೇ ಬಿಟ್ಟು ಹೊರಕೆರೆದೇವಪುರದ ಮಗಳ ಮನೆ ಸೇರಿದ.

"ಅಂಗಾದ್ರೆ ಹೋಗಾಣ ನಡೀರಿ," ಎಂದ ಮುರುಗೇಶಪ್ಪ.

ಜೀಪು ಹೊಳಲ್ಕೆರೆ ದಾಟಿ ಹೊರಕೆರೆದೇವಪುರ ಸೇರುವಾಗ ಹೊತ್ತು ಇಳಿಯುತ್ತಿತ್ತು. ಮುದ್ದಣ್ಣ ಜಗಲಿಯ ಮೇಲೆ ಕೂತಿದ್ದ. ಕಣ್ಣು ಮಂಜಾಗಿತ್ತು. ಏಕನಾಥಮ್ಮ ಕಾಲಿಗೆ ಬಿದ್ದಾಗ ತಲೆ ಸವರಿ, "ಏನವ್ವ, ಯಾವ್ದಾದ್ರೂ ಸುಟ್ತಾ?" ಎಂದು ಕೇಳಿದ.

"ಇಲ್ಲಪ್ಪ. ಎಲ್ಲಾ ಚೆನ್ನಾಗ್ ನಡೀತಾವೆ. ಈ ಸಾರ್ ನಿಮ್ಮನ್ನ ನೋಡ್ಬೇಕಂತೆ."

ಮುರುಗೇಶಪ್ಪ ತಾನು ಹೊಸದುರ್ಗದವನೆಂದು ಪರಿಚಯಿಸಿಕೊಂಡು, ನಡೆದದ್ದನ್ನು ಹೇಳಿದ. ಹೇಳಬಾರದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ. ಮುದುಕ ಕಿವಿಗೊಟ್ಟು ಕೇಳಿದ. ತೂತಿನ ಬಾಯಿಯ ಮಾತು ಬಂದಾಗ ಗಟ್ಟಿಯಾಗಿ ನಕ್ಕ.

"ಐವತ್ತು ವರ್ಷ ಕೆಲ್ಸ ಮಾಡ್ದೆ ಸಾರ್," ಎಂದ ಕೊನೆಗೆ. "ಸುಟ್ಟಾಗ ಎಲ್ಲ ಬರೋರು. ನಡೀತೈತೆ ಅಂತ ಹೇಳಾಕೆ ಇಷ್ಟ್ ದೂರ ಬಂದೋರು ನೀವೇ ಮೊದ್ಲು." ಟವೆಲಿನಿಂದ ಮುಖ ಒರೆಸಿಕೊಂಡ.

ಮುರುಗೇಶಪ್ಪ ಬಗ್ಗಿ ಅವನ ಪಾದ ಮುಟ್ಟಿದ. ಒಳಗಿನಿಂದ ಮಗಳು ಮುದ್ದೆಗೆ ನೀರಿಟ್ಟಿದ್ದೇನೆ, ಉಂಡೇ ಹೋಗಬೇಕು ಎಂದು ಕೂಗಿ ಹೇಳಿದಳು. ಏಕನಾಥಮ್ಮ ಸೆರಗು ಸಿಕ್ಕಿಸಿ ಆಕೆಗೆ ನೆರವಾಗಲು ಒಳಗೆ ಹೋದಳು. ಮುದ್ದಣ್ಣ ಜಗಲಿಯಲ್ಲಿ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, "ಕುಂತ್ಕಳ್ರಿ ಸಾರ್. ನಿಮ್ ಹೊಸದುರ್ಗದಾಗೆ ಯಾರ ಮನೆ ಕಡೆಯೋರು ನೀವು, ಹೇಳ್ರಿ" ಎಂದ.