ಡೈರಿಗೆ ಬರದ ತುತ್ತು

ಬೀದಿಯವರೆಲ್ಲ ಬೈಂಡಿಂಗಮ್ಮ ಎಂದೇ ಕರೆಯುವ ಆಕೆ ಶಾಲೆಯ ರಿಜಿಸ್ಟರುಗಳ ಬೆನ್ನಿಗೆ ಅಂಟು ಸವರುತ್ತಿದ್ದಾಗ ಹೊಟ್ಟೆ ಮತ್ತೆ ಹಿಂಡಿತು. ಮೇಜಿಗೆ ಹಣೆ ಒತ್ತಿಕೊಂಡು, ನೋವು ಇಳಿಯುವವರೆಗೆ ಉಸಿರು ಬಿಗಿಹಿಡಿದಳು. ಇಳಿದ ಮೇಲೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ಎಣಿಸಿದಳು. ಮೂವತ್ತು ವರ್ಷ ಪಳಗಿದ ಕೈ, ನೋವಿದ್ದರೂ ತಪ್ಪುವುದಿಲ್ಲ.

ಗೋಧಿ ಆಗದ ಕಾಯಿಲೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿದು ವರ್ಷವಾಗಿತ್ತು. ಆ ದಿನವೇ ಮಗಳು ಗೋಧಿಹಿಟ್ಟು, ಬ್ರೆಡ್ಡು, ಬಿಸ್ಕತ್ತು ಎಲ್ಲವನ್ನೂ ಪಕ್ಕದ ಮನೆಗೆ ಸಾಗಹಾಕಿ, ಸೌಟು ಜರಡಿಗಳನ್ನೂ ಹೊಸದಾಗಿ ತಂದಿದ್ದಳು. ಆರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟರೆ ಕಾಯಿಲೆಯ ಅಂಕಿ ಒಂದಿಷ್ಟೂ ಇಳಿದಿರಲಿಲ್ಲ. ಅಮ್ಮ ಕದ್ದು ತಿನ್ನುತ್ತಾಳೆಂದು ಮಗಳಿಗೆ ಅನುಮಾನ ಬಂತು. ಬೇಕರಿಯವನನ್ನು ಕೂಡ ವಿಚಾರಿಸಿ ಬಂದಳು. ಕೊನೆಗೆ ಬೇಸತ್ತು ಕೆಲಸದ ಊರಿಗೆ ಹೊರಟುಹೋಗಿ ಅಲ್ಲಿಂದ ಕಾಗದ ಬರೆದಳು: ಫೋನಿನಲ್ಲಿ ಬರೀ ಜಗಳವಾಗುತ್ತೆ, ಏನು ತಿಂತೀಯ ಅಂತ ನಿಜ ಬರೆದು ಕಳಿಸು, ಆಮೇಲೆ ಬರ್ತೀನಿ.

ಬರೆಯಲು ಏನಿತ್ತು? ‘ನಾನೇನೂ ತಿಂದಿಲ್ಲ ಮಗಳೇ’ ಎಂಬ ಒಂದೇ ಸಾಲಿನ ಉತ್ತರ ನಾಲ್ಕು ತಿಂಗಳಿಂದ ದಾರದುಂಡೆಗಳ ಡಬ್ಬಿಯಲ್ಲಿ ಬಿದ್ದಿತ್ತು. ತನಗೇ ಸುಳ್ಳಿನಂತೆ ಕೇಳುವ ಮಾತನ್ನು ಹೇಗೆ ಕಳಿಸುವುದು? ಅಷ್ಟರಲ್ಲಿ ಒಂಬತ್ತು ಕಿಲೋ ಇಳಿದಿದ್ದಳು. ದಾರ ಸುತ್ತಿದರೂ ಉಂಗುರ ಬೆರಳಲ್ಲಿ ನಿಲ್ಲುತ್ತಿರಲಿಲ್ಲ.

ಅಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಮೂರನೆಯ ರಿಪೋರ್ಟೂ ಹಾಗೇ ಬಂತು. ಊಟದ ವಿಚಾರ ನೋಡುವ ಮೇಡಂ ಎದುರು ಕುಳಿತು, ತಿಂದದ್ದನ್ನೆಲ್ಲ ಬರೆದಿಟ್ಟ ಡೈರಿ ಬಿಚ್ಚಿದಳು.

“ಇನ್ನು ನನ್ನ ಕೈಲಾಗಲ್ಲ ಮೇಡಂ. ಇನ್ನೇನು ಬಿಡ್ಲಿ ಹೇಳಿ, ಗಾಳಿ ಒಂದು ಬಾಕಿ ಇದೆ.”

ಪುಟಪುಟಕ್ಕೂ ಹೆಬ್ಬೆರಳು ನಾಲಿಗೆಗೆ ಹೋಗಿ ಬರುತ್ತಿತ್ತು. ಮೇಡಂ ಡೈರಿ ಬಿಟ್ಟು ಆ ಬೆರಳನ್ನೇ ನೋಡಿದರು.

“ಉಗುರಲ್ಲಿ ಬೆಳ್ಳಗಿರೋದು ಏನಮ್ಮ?”

“ಅದಾ, ಅಂಟು. ಎಷ್ಟು ತೊಳೆದ್ರೂ ಹೋಗಲ್ಲ.”

“ಯಾವುದರದು?”

“ಮೈದಾದು. ನಾನೇ ಕಾಯಿಸ್ತೀನಿ…” ಹೆಬ್ಬೆರಳನ್ನು ತಿರುಗಿಸಿ ಉಗುರು ನೋಡಿದಳು.

ಮೈದಾ ಅಂದರೆ ಗೋಧಿಯೇ. ಅಡುಗೆಮನೆಯಿಂದ ಹೊರಹಾಕಿದ್ದನ್ನು ಮೇಜಿನ ಮೇಲೆ ಬಟ್ಟಲು ತುಂಬ ಇಟ್ಟುಕೊಂಡು ದಿನವಿಡೀ ನೆಕ್ಕಿದ್ದಳು. ಹೊಲಿಗೆಯ ದಾರವನ್ನೂ ತುಟಿಯಲ್ಲೇ ಒದ್ದೆ ಮಾಡುತ್ತಿದ್ದಳು. ಬಟ್ಟಲಲ್ಲಿದ್ದದ್ದೂ ತಿನ್ನುವ ಹಿಟ್ಟೇ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಂಟು ಬೇರೆಯದು ಬಳಸಿ, ಬೆರಳು ಬಾಯಿಗೆ ಹೋಗಬಾರದು, ಕೆಲವು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ ಎಂದರು ಮೇಡಂ. ಇದೊಂದೇ ಕಾರಣ ಅಂತ ಈಗಲೇ ಹೇಳಲಾಗದು ಎಂದೂ ಸೇರಿಸಿದರು.

ಮನೆಗೆ ಬಂದು ಬಟ್ಟಲನ್ನು ಚರಂಡಿಗೆ ಸುರಿದಳು. ಮೂವತ್ತು ವರ್ಷದ ಕೈಯನ್ನು ಹೇಗೆ ಕಟ್ಟಿಹಾಕುವುದೋ ತಿಳಿಯದೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಳು. ಡಬ್ಬಿಯಿಂದ ಕಾಗದ ತೆಗೆದು ಆ ಒಂದು ಸಾಲಿನ ಕೆಳಗೆ ಬರೆದಳು: ‘ತಿಂದದ್ದು ನಿಜ ಮಗಳೇ. ತಿಂತಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ.’ ಹೇಗೆಂದು ಪೂರ್ತಿ ಬರೆದು, ನಂಬಿಕೆ ಬರದಿದ್ದರೂ ಒಂದು ಸಲ ಬಂದು ನೋಡಿಕೊಂಡು ಹೋಗು ಎಂದು ಮುಗಿಸಿದಳು.

ಲಕೋಟೆಯ ಅಂಚಿಗೆ ನಾಲಿಗೆ ಮುಂದಾಯಿತು. ತಡೆದುಕೊಂಡಳು. ದಾರದ ತುದಿಯನ್ನು ನೀರಲ್ಲಿ ಅದ್ದಿ ಸೂಜಿಗೆ ಪೋಣಿಸಿ, ರಿಜಿಸ್ಟರು ಹೊಲಿದಂತೆ ಲಕೋಟೆಯ ಬಾಯಿ ಹೊಲಿದಳು. ಅಂಚೆಪೆಟ್ಟಿಗೆ ಬೀದಿಯ ತುದಿಯಲ್ಲಿತ್ತು. ಗೋಡೆ ಹಿಡಿದು, ಎರಡು ಕಡೆ ಕುಳಿತು ಎದ್ದು, ಹೋಗಿ ಹಾಕಿದಳು.